ಮೋಟಾರು ಎಂಜಿನ್ನಿನ ನೀರಿನ ಪಂಪು: ಕೆಡುವ ಕಾರಣ ಮತ್ತು ಬದಲಿಸುವ ಕ್ರಮ

ಮೋಟಾರು ಕಾರಿನ ಎಂಜಿನ್ನು ಮೂಲತಃ ಒಂದು ಒಲೆಯೇ ಸರಿ. ಪೆಟ್ರೋಲು ಉರಿದು ಹುಟ್ಟುವ ಶಾಖದಲ್ಲಿ ಸುಮಾರು ಕಾಲು ಭಾಗ ಮಾತ್ರ ಚಕ್ರಗಳನ್ನು ತಿರುಗಿಸುವ ಕೆಲಸಕ್ಕೆ ಒದಗುತ್ತದೆ. ಮಿಕ್ಕುದರಲ್ಲಿ ದೊಡ್ಡದೊಂದು ಪಾಲು ಹೊಗೆಯ ಕೊಳವೆಯಿಂದ ಹೊರಬೀಳುತ್ತದೆ. ಹೆಚ್ಚುಕಡಮೆ ಅಷ್ಟೇ ಶಾಖವನ್ನು ಎಂಜಿನ್ನಿನ ಗೋಡೆಗಳು ಹೀರಿಕೊಳ್ಳುತ್ತವೆ. ಸಿಲಿಂಡರಿನೊಳಗಿನ ಜ್ವಾಲೆಯ ಉಷ್ಣತೆ 2000 ಡಿಗ್ರಿ ಸೆಲ್ಸಿಯಸ್ಸನ್ನು ಮೀರುತ್ತದೆ. ಎರಕದ ಕಬ್ಬಿಣವಾದರೋ 1200 ಡಿಗ್ರಿಯ ಸುಮಾರಿಗೇ ಕರಗತಕ್ಕದ್ದು. ಹೀಗಿದ್ದೂ ಎಂಜಿನ್ನು ವರ್ಷಾನುಗಟ್ಟಲೆ ಬಾಳುವುದಕ್ಕೆ ಕಾರಣ ಅದರ ಗೋಡೆಗಳ ನಡುವೆ ಎಡೆಬಿಡದೆ ಸುತ್ತುವ ನೀರು. ಒಂದು ಕಿಲೋಗ್ರಾಂ ನೀರು ಒಂದು ಡಿಗ್ರಿ ಬಿಸಿಯಾಗಲು ಬೇಕಾಗುವ ಶಾಖವು ಅಷ್ಟೇ ತೂಕದ ಕಬ್ಬಿಣಕ್ಕೆ ಬೇಕಾಗುವುದರ ಸುಮಾರು ಒಂಬತ್ತು ಪಟ್ಟು. ಶಾಖವನ್ನು ಹೊತ್ತೊಯ್ಯಲು ಇಷ್ಟು ಸುಲಭವಾಗಿ ಸಿಗುವ, ಇಷ್ಟು ಸಮರ್ಥವಾದ ದ್ರವ ಬೇರೊಂದಿಲ್ಲ.

ನೀರು ಸುತ್ತಲು ಪಂಪು ಬೇಕೇಬೇಕೆಂಬ ನಿಯಮವೇನೂ ಇರಲಿಲ್ಲ. ಬಿಸಿನೀರು ಹಗುರವಾಗಿ ಮೇಲೇರುತ್ತದೆ, ತಣ್ಣೀರು ಭಾರವಾಗಿ ಕೆಳಗಿಳಿಯುತ್ತದೆ. ಈ ಸಹಜ ಚಲನೆಯನ್ನೇ ನಂಬಿ ಅನೇಕ ಕಾರುಗಳನ್ನು ರಚಿಸಿದ್ದುಂಟು. 1908ರಲ್ಲಿ ಹೊರಬಂದ ಫೋರ್ಡ್ ಕಂಪನಿಯ ಟಿ ಮಾದರಿಯ ಮೊದಲ 2500ರಷ್ಟು ಕಾರುಗಳಿಗೆ ಪಂಪು ಇದ್ದಿತು. ಅನಂತರ ಅದನ್ನು ಕೈಬಿಟ್ಟು ಸಹಜ ಪರಿಚಲನೆಗೇ ಒಪ್ಪಿಸಲಾಯಿತು. ಎಂಜಿನ್ನುಗಳ ಶಕ್ತಿ ಹೆಚ್ಚಿದಂತೆ ಈ ನಿಧಾನದ ಚಲನೆ ಸಾಲದಾಯಿತು, ಪಂಪು ಮರಳಿ ಬಂದಿತು. ಈ ಪಂಪಿನ ತತ್ತ್ವವು ಹೊಲದ ಬಾವಿಯ ಮೇಲಿನ ವಿದ್ಯುತ್ ಪಂಪಿನದೇ. ಅಲಗುಗಳುಳ್ಳ ಸಣ್ಣ ಚಕ್ರವೊಂದು ವೇಗವಾಗಿ ತಿರುಗಿ, ನಡುವಿನಿಂದ ಬಂದ ನೀರನ್ನು ಅಂಚಿಗೆ ಎಸೆಯುತ್ತದೆ.

ಇದನ್ನು ಕಣ್ಣಾರೆ ಕಂಡು ಕಲಿಯಲು ಅಂಬಾಸಡರ್ ಕಾರಿಗಿಂತ ಒಳ್ಳೆಯ ಪಾಠಪುಸ್ತಕ ದೊರೆಯದು. ಬಂಗಾಳದ ಉತ್ತರಪಾರಾದಲ್ಲಿ ತಯಾರಾಗುತ್ತಿದ್ದ ಈ ಕಾರಿನ ಉತ್ಪಾದನೆ 2014ರಲ್ಲಿ ನಿಂತುಹೋಯಿತು. ಆದರೂ 1489 ಘನ ಸೆಂಟಿಮೀಟರ್ ಅಳತೆಯ ಹಳೆಯ ಪೆಟ್ರೋಲ್ ಎಂಜಿನ್ನುಳ್ಳ ಗಾಡಿಗಳನ್ನು ಶ್ರದ್ಧೆಯಿಂದ ಕಾಪಾಡಿಕೊಂಡು ಬಂದವರು ಈಗಲೂ ಅಲ್ಲಲ್ಲಿ ಇದ್ದಾರೆ. ಬಾನೆಟ್ಟನ್ನು ಎತ್ತಿದೊಡನೆ ಎಂಜಿನ್ನಿನ ಮುಂಭಾಗದಲ್ಲಿ ಫ್ಯಾನು, ಅದರ ಹಿಂದೆ ಪುಲ್ಲಿ, ಅದರ ಹಿಂದೆ ಪಂಪು ಒಂದೇ ದಂಡದ ಸಾಲಿನಲ್ಲಿ ಕಾಣುತ್ತವೆ. ಎಂಜಿನ್ನಿನ ಕೆಳಗಿನ ಪುಲ್ಲಿಯಿಂದ ಹೊರಟ ರಬ್ಬರಿನ ಬೆಲ್ಟು ಪಂಪನ್ನೂ ಡೈನಮೊವನ್ನೂ ಸುತ್ತಿ ಬರುತ್ತದೆ. ಕೈ ಆಡಿಸಲು ಧಾರಾಳ ಸ್ಥಳವಿರುವುದರಿಂದ, ಸಾಮಾನ್ಯ ಹತಾರಗಳನ್ನು ಬಲ್ಲವನು ಮನೆಯಂಗಳದಲ್ಲಿಯೇ ಪಂಪನ್ನು ಬದಲಿಸಬಹುದು.

ಪಂಪಿನೊಳಗೆ ದಂಡವನ್ನು ಹಿಡಿದಿರುವ ಬೇರಿಂಗು ಒಂದು. ನೀರು ಆ ಬೇರಿಂಗಿಗೆ ತಾಗದಂತೆ ತಡೆಯುವ ಸೀಲು ಇನ್ನೊಂದು. ಇವೆರಡರ ನಡುವೆ, ಪಂಪಿನ ಒಡಲಿನ ತಳಭಾಗದಲ್ಲಿ, ಒಂದು ಸಣ್ಣ ಕಿಂಡಿ ಇರುತ್ತದೆ. ಸೀಲು ಸವೆದಾಗ ಒಸರಿದ ನೀರು ಬೇರಿಂಗನ್ನು ಸೇರದೆ ಈ ಕಿಂಡಿಯಿಂದ ಹೊರಬೀಳಲೆಂದು ತಯಾರಕನೇ ಇಟ್ಟ ದಾರಿ ಅದು. ಅಲ್ಲಿಂದ ನೀರು ತೊಟ್ಟಿಕ್ಕುತ್ತಿದ್ದರೆ, ಅಥವಾ ಒಣಗಿದ ನೀರಿನ ಬಿಳಿಯ ಇಲ್ಲವೆ ತುಕ್ಕಿನ ಬಣ್ಣದ ಗೆರೆ ಇಳಿದಿದ್ದರೆ, ಪಂಪಿನ ಆಯುಸ್ಸು ಮುಗಿಯುತ್ತ ಬಂದಿತೆಂದು ತಿಳಿಯಬೇಕು. ಈ ಕಿಂಡಿಗೆ ಅಂಟು ಮೆತ್ತಿ ಸೋರಿಕೆ ನಿಲ್ಲಿಸುವ ಜಾಣರೂ ಇದ್ದಾರೆ. ಅದು ರೋಗವನ್ನು ಬಿಟ್ಟು ರೋಗದ ಸುದ್ದಿ ತಂದವನ ಬಾಯಿ ಕಟ್ಟಿದಂತೆ. ಹೊರಬರಲಾರದ ನೀರು ಬೇರಿಂಗಿಗೆ ಇಳಿಯುತ್ತದೆ, ಕೊನೆಗೆ ತಿರುಗುತ್ತಿರುವ ಫ್ಯಾನೇ ವಾಲಿ ರೇಡಿಯೇಟರನ್ನು ಸೀಳಬಹುದು.

ಎಂಜಿನ್ನು ಕಾದಾಗಲೆಲ್ಲ ಪಂಪನ್ನೇ ದೂರುವುದು ಸಲ್ಲ. ಬೆಲ್ಟು ಸಡಿಲಗೊಂಡು ಜಾರುತ್ತಿರಬಹುದು. ರೇಡಿಯೇಟರಿನ ಕೊಳವೆಗಳು ಕಟ್ಟಿಕೊಂಡಿರಬಹುದು. ಕೆಳಗಿನ ರಬ್ಬರ್ ಕೊಳವೆ ಮೆತ್ತಗಾಗಿ ಹೀರುವಿಕೆಗೆ ಮುಚ್ಚಿಕೊಳ್ಳುತ್ತಿರಬಹುದು. ಥರ್ಮೋಸ್ಟಾಟ್ ತೆರೆಯದೆ ಹೋಗಿರಬಹುದು. ಥರ್ಮೋಸ್ಟಾಟನ್ನು ಪರೀಕ್ಷಿಸುವುದು ಶಾಲೆಯ ಪ್ರಯೋಗಶಾಲೆಯಲ್ಲೂ ಸಾಧ್ಯ: ಅದನ್ನು ದಾರದಿಂದ ನೀರಿನ ಪಾತ್ರೆಯಲ್ಲಿ ತೂಗುಬಿಟ್ಟು ಉಷ್ಣಮಾಪಕದೊಡನೆ ಕಾಯಿಸಿದರೆ, ಅದರ ಮೇಲೆ ಅಚ್ಚೊತ್ತಿರುವ ಉಷ್ಣತೆಯ ಸುಮಾರಿಗೆ ಬಾಯಿ ತೆರೆಯಬೇಕು. ಇನ್ನು ಪಂಪಿನ ಪರೀಕ್ಷೆ. ಎಂಜಿನ್ನು ನಿಂತು ತಣ್ಣಗಾದ ಮೇಲೆ ಫ್ಯಾನಿನ ಎದುರುಬದುರು ಅಲಗುಗಳನ್ನು ಹಿಡಿದು ಹಿಂದುಮುಂದಕ್ಕೆ ಅಲುಗಾಡಿಸಬೇಕು. ದಂಡದಲ್ಲಿ ಕೈಗೆ ತಿಳಿಯುವಷ್ಟು ಆಟವಿದ್ದರೆ ಬೇರಿಂಗು ಸವೆದಿದೆ. ಬೆಲ್ಟನ್ನು ಕಳಚಿ ಪುಲ್ಲಿಯನ್ನು ಕೈಯಿಂದ ತಿರುಗಿಸಿದಾಗ ಮರಳು ಅರೆದಂತಹ ಸದ್ದು ಬಂದರೂ ತೀರ್ಪು ಅದೇ.

ಪಂಪು ಕೆಟ್ಟಿತೆಂದು ಗೊತ್ತಾದೊಡನೆ ಹೊಸದನ್ನು ತಂದು ಕೂಡಿಸುವುದು ವಾಡಿಕೆ. ಕೆಲವೇ ತಿಂಗಳಲ್ಲಿ ಅದೂ ಸೋರತೊಡಗಿದಾಗ ಮಾಲೀಕನು ಅಂಗಡಿಯವನನ್ನು ಹಳಿಯುತ್ತಾನೆ. ವಾಸ್ತವವಾಗಿ ಹಳೆಯ ಪಂಪನ್ನು ಕೊಂದ ಕಾರಣವೇ ಹೊಸದನ್ನೂ ಕೊಂದಿರುತ್ತದೆ. ಆದುದರಿಂದ ಪಾನಾ ಹಿಡಿಯುವ ಮೊದಲು ಈ ಪಂಪು ಏಕೆ ಕೆಟ್ಟಿತೆಂಬ ಪ್ರಶ್ನೆಗೆ ಉತ್ತರ ಕಂಡುಕೊಳ್ಳಬೇಕು. ಈ ಭಾಗವನ್ನು ಬಿಟ್ಟ ದುರಸ್ತಿ ಅರ್ಧ ದುರಸ್ತಿಯೇ.

ಮೊದಲನೆಯ ಕಾರಣ ಬೆಲ್ಟಿನ ಬಿಗಿ. ಡೈನಮೊ ಸರಿಯಾಗಿ ವಿದ್ಯುತ್ತು ಕೊಡಲೆಂದು ಬೆಲ್ಟನ್ನು ವೀಣೆಯ ತಂತಿಯಂತೆ ಬಿಗಿಯುವವರಿದ್ದಾರೆ. ಆ ಎಳೆತವೆಲ್ಲ ಪಂಪಿನ ಬೇರಿಂಗಿನ ಒಂದೇ ಮಗ್ಗುಲಿಗೆ ಬೀಳುತ್ತದೆ. ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ದಂಡವು ಆ ಭಾರವನ್ನು ಬಹುಕಾಲ ತಾಳದು. ಬೇರಿಂಗು ಸಡಿಲಾದರೆ ದಂಡ ತೂಗಾಡುತ್ತದೆ, ದಂಡ ತೂಗಾಡಿದರೆ ಸೀಲು ಹರಿಯುತ್ತದೆ. ಫ್ಯಾನಿನ ಅಲಗೊಂದು ಬಾಗಿ ಸಮತೋಲ ತಪ್ಪಿದ್ದರೂ ಪರಿಣಾಮ ಇದೇ. ಹೊಸ ಪಂಪಿನ ಮೇಲೆ ಬಾಗಿದ ಹಳೆಯ ಫ್ಯಾನನ್ನು ಮತ್ತೆ ಕೂಡಿಸುವುದು ಬಹಳವಾಗಿ ಕಂಡುಬರುವ ಅಲಕ್ಷ್ಯ.

ಎರಡನೆಯ ಕಾರಣ ನೀರು. ವಿಜಯಪುರ, ಕಲಬುರಗಿ, ರಾಯಚೂರುಗಳ ಕಡೆ ಕೊಳವೆ ಬಾವಿಯ ನೀರು ಎಷ್ಟು ಗಡಸು ಎಂಬುದನ್ನು ಅಲ್ಲಿಯ ಸ್ನಾನದ ಹಂಡೆಗಳೇ ಹೇಳುತ್ತವೆ. ಗಡಸು ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಬೈಕಾರ್ಬೊನೇಟುಗಳು ಕಾದಾಗ ಒಡೆದು, ಹಂಡೆಯ ಒಳಮೈಗೆ ಬಿಳಿಯ ಪೊರೆಯಾಗಿ ಕಟ್ಟಿಕೊಳ್ಳುತ್ತವೆ. ಎಂಜಿನ್ನಿನ ಒಳಗೋಡೆಗಳಲ್ಲಿ ನಡೆಯುವುದೂ ಇದೇ. ಈ ಪೊರೆಯು ಕಬ್ಬಿಣಕ್ಕಿಂತ ಹತ್ತಾರು ಪಟ್ಟು ಕಡಮೆ ಶಾಖವನ್ನು ದಾಟಿಸುತ್ತದೆ. ಅದರ ಚೂರುಗಳು, ತುಕ್ಕಿನ ಹುಡಿ ಸೇರಿಕೊಂಡು, ಸೀಲಿನ ನುಣುಪಾದ ಮುಖವನ್ನು ಮರಳು ಕಾಗದದಂತೆ ತೇಯುತ್ತವೆ. ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಒಮ್ಮೆ ತುಂಬಿದ ನೀರು ಒಳಗೇ ಸುತ್ತುತ್ತಿದ್ದರೆ ಅದರಲ್ಲಿದ್ದ ಉಪ್ಪುಗಳು ಒಂದೇ ಸಲ ಪೊರೆಗಟ್ಟಿ ಮುಗಿಯುತ್ತವೆ. ಸೋರುವ ಪಂಪಿಗೆ ಪ್ರತಿದಿನ ಒಂದು ಚೊಂಬು ನೀರು ಹೊಯ್ದು ಕಾಲ ತಳ್ಳುವವನಾದರೋ ಪ್ರತಿದಿನ ಹೊಸ ಸುಣ್ಣವನ್ನು ಎಂಜಿನ್ನಿಗೆ ಉಣಿಸುತ್ತಿರುತ್ತಾನೆ. ಸೋರಿಕೆಯಲ್ಲಿ ಹೋಗುವುದು ನೀರು ಮಾತ್ರ. ಕುಂತು ಕೂಡುವುದು ಕಲ್ಲು. ಬ್ಯಾಟರಿಗೆ ಬಳಸುವ ಬಟ್ಟಿ ಇಳಿಸಿದ ನೀರು ಉತ್ತಮ. ಅದು ದೊರೆಯದ ಕಡೆ ಮೊದಲ ಮಳೆ ತೊಳೆದ ಮಾಳಿಗೆಯಿಂದ ಹಿಡಿದು ಸೋಸಿದ ನೀರು ಆದೀತು. ತುಕ್ಕು ತಡೆಯುವ ಕೂಲೆಂಟನ್ನು ಬೆರೆಸುವುದಂತೂ ಅಗತ್ಯ. ಇಂತಹ ದ್ರಾವಣಗಳಲ್ಲಿ ಸಾಮಾನ್ಯವಾಗಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿದ್ದು ಪ್ರಾಣಾಂತಿಕ ವಿಷವಾದುದರಿಂದ, ಬಸಿದ ನೀರನ್ನು ಅಂಗಳದಲ್ಲಿ ತೆರೆದಿಡದೆ ಮಕ್ಕಳಿಗೂ ದನಕರು ನಾಯಿಗಳಿಗೂ ಎಟುಕದಂತೆ ಮುಚ್ಚಿಡಬೇಕು.

ಕೆಲಸಕ್ಕೆ ಕೈಹಾಕುವ ಮುನ್ನ ಎಂಜಿನ್ನು ಪೂರ್ಣವಾಗಿ ತಣಿದಿರಬೇಕು. ಇದು ಬರಿಯ ಔಪಚಾರಿಕ ಎಚ್ಚರಿಕೆಯಲ್ಲ. ಬೆಂಗಳೂರಿನ ಎತ್ತರದಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿಗೆ ಕುದಿಯುತ್ತದೆ. ಆದರೆ ಚದರ ಅಂಗುಲಕ್ಕೆ 7 ಪೌಂಡು ಒತ್ತಡವನ್ನು ಹಿಡಿದಿಡುವ ಮುಚ್ಚಳದ ಕೆಳಗೆ ಅದೇ ನೀರು 100 ಡಿಗ್ರಿಯನ್ನು ದಾಟಿಯೂ ಕುದಿಯದೆ ನಿಂತಿರಬಲ್ಲದು. ಮುಚ್ಚಳ ತಿರುವಿದೊಡನೆ ಒತ್ತಡ ಇಳಿದು, ಅದುವರೆಗೆ ಸುಮ್ಮನಿದ್ದ ನೀರು ಕ್ಷಣಾರ್ಧದಲ್ಲಿ ಉಗಿಯಾಗಿ ಮುಖಕ್ಕೆ ಚಿಮ್ಮುತ್ತದೆ. ಆಗುಂಬೆ, ಚಾರ್ಮಾಡಿಗಳಂತಹ ಘಟ್ಟದ ರಸ್ತೆಗಳಲ್ಲಿ ಕಾದು ನಿಂತ ಕಾರಿಗೆ ಹಳ್ಳದ ತಣ್ಣೀರು ಸುರಿಯುವುದೂ ಅಷ್ಟೇ ಅಪಾಯ. ಕೆಂಡದಂತಿರುವ ಎರಕದ ಕಬ್ಬಿಣ ಒಮ್ಮೆಲೇ ಕುಗ್ಗಿ ಬಿರಿಯಬಹುದು.

ಬ್ಯಾಟರಿಯ ತಂತಿಯನ್ನು ಬಿಡಿಸಿ, ರೇಡಿಯೇಟರಿನ ತಳದ ನಲ್ಲಿಯಿಂದ ನೀರನ್ನು ಬಸಿಯಬೇಕು. ರಬ್ಬರ್ ಕೊಳವೆಗಳ ಕ್ಲಿಪ್ಪು ಸಡಿಲಿಸಿ ರೇಡಿಯೇಟರನ್ನೇ ಕಳಚಿಟ್ಟರೆ ಸ್ಥಳವೂ ಸಿಗುತ್ತದೆ, ಪಾನಾ ಜಾರಿ ಅದರ ತೆಳು ರೆಕ್ಕೆಗಳು ನಜ್ಜಾಗುವ ಭಯವೂ ಇಲ್ಲ. ಡೈನಮೊದ ಬೋಲ್ಟುಗಳನ್ನು ಸಡಿಲಿಸಿ ಒಳಕ್ಕೆ ತಳ್ಳಿದರೆ ಬೆಲ್ಟು ತಾನೇ ಕಳಚುತ್ತದೆ. ಅನಂತರ ಫ್ಯಾನು, ಪುಲ್ಲಿ, ಡೈನಮೊ, ಕೊನೆಗೆ ಪಂಪನ್ನು ಬ್ಲಾಕಿಗೆ ಬಿಗಿದ ನಾಲ್ಕು ಬೋಲ್ಟುಗಳು. ಒಂದು ರಟ್ಟಿನ ಮೇಲೆ ಪಂಪಿನ ಆಕಾರವನ್ನು ಬರೆದು, ತೆಗೆದ ಬೋಲ್ಟನ್ನು ಆಯಾ ಸ್ಥಾನದಲ್ಲಿಯೇ ಚುಚ್ಚಿಡುವುದು ಹಳೆಯ ಮೇಸ್ತ್ರಿಗಳ ಒಳ್ಳೆಯ ಪದ್ಧತಿ; ಉದ್ದ ಗಿಡ್ಡ ಬೋಲ್ಟುಗಳು ಅದಲುಬದಲಾಗುವುದಿಲ್ಲ. ತುಕ್ಕು ಹಿಡಿದ ಬೋಲ್ಟಿಗೆ ಹಿಂದಿನ ರಾತ್ರಿಯೇ ತೆಳುವಾದ ಎಣ್ಣೆ ಬಿಟ್ಟಿರಬೇಕು. ಬಲವಂತದಿಂದ ತಿರುವಿ ಬೋಲ್ಟಿನ ತಲೆ ಮುರಿದರೆ ಒಂದು ದಿನದ ಕೆಲಸ ಒಂದು ವಾರದ್ದಾಗುತ್ತದೆ.

ಪಂಪು ಕಳಚಿದ ಮೇಲೆ ಬ್ಲಾಕಿನ ಬಾಯಿಗೆ ಬಟ್ಟೆ ತುರುಕಿ, ಹಳೆಯ ಗ್ಯಾಸ್ಕೆಟ್ಟಿನ ಚೂರುಗಳನ್ನು ಕೆರೆದು ತೆಗೆಯಬೇಕು. ಲೋಹಕ್ಕೆ ಗೀರು ಬೀಳಬಾರದು. ಮುಂದೆ ಆ ಗೀರೇ ನೀರಿನ ಕಾಲುವೆಯಾಗುತ್ತದೆ. ಇಡೀ ಕೆಲಸದಲ್ಲಿ ಅತ್ಯಂತ ಬೇಸರದ, ಆದರೆ ಫಲವನ್ನು ನಿರ್ಧರಿಸುವ ಹಂತ ಇದು. ಹೊಸ ಪಂಪನ್ನು ಹಳೆಯದರ ಪಕ್ಕದಲ್ಲಿಟ್ಟು ರಂಧ್ರಗಳ ಸ್ಥಾನ, ಪುಲ್ಲಿ ಕೂಡುವ ಮುಖದ ಎತ್ತರ, ಒಳಚಕ್ರದ ಅಳತೆ, ಅಲಗುಗಳ ಓಟ ಇವೆಲ್ಲವನ್ನೂ ತಾಳೆ ನೋಡಬೇಕು. ಹೊಸ ಗ್ಯಾಸ್ಕೆಟ್ಟನ್ನಿಟ್ಟು, ನಾಲ್ಕು ಬೋಲ್ಟುಗಳನ್ನೂ ಮೊದಲು ಬೆರಳಿನಿಂದ ಕೂಡಿಸಿ, ಅನಂತರ ಮೂಲೆಯಿಂದ ಮೂಲೆಗೆ ಸ್ವಲ್ಪ ಸ್ವಲ್ಪವಾಗಿ ಬಿಗಿಯಬೇಕು. ಗಿಡ್ಡ ಪಾನಾ ಸಾಕು. ಅದಕ್ಕೆ ಕೊಳವೆ ತೊಡಿಸಿ ಬಲ ಹೆಚ್ಚಿಸುವುದು ಬೇಡ.

ಬೆಲ್ಟನ್ನು ಮರಳಿ ತೊಡಿಸುವಾಗ, ಅದರ ಅತಿ ಉದ್ದದ ಓಟದ ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಸುಮಾರು ಅರ್ಧ ಅಂಗುಲ, ಎಂದರೆ 13 ಮಿಲಿಮೀಟರ್, ತಗ್ಗಬೇಕು. ನೀರನ್ನು ನಿಧಾನವಾಗಿ ಹೊಯ್ದು, ಮುಚ್ಚಳ ತೆರೆದಿರುವಾಗಲೇ ಎಂಜಿನ್ನನ್ನು ಚಾಲೂ ಮಾಡಿ, ತಿರುಗುವ ಫ್ಯಾನಿನಿಂದ ಕೈಯನ್ನೂ ಬಟ್ಟೆಯ ಸೆರಗನ್ನೂ ದೂರವಿಟ್ಟುಕೊಂಡು ಕಾಯಬೇಕು. ಥರ್ಮೋಸ್ಟಾಟ್ ತೆರೆದಾಗ ಮೇಲಿನ ಕೊಳವೆ ಬಿಸಿಯಾಗುತ್ತದೆ, ಒಳಗೆ ಸಿಕ್ಕಿದ್ದ ಗಾಳಿ ಗುಳ್ಳೆಯಾಗಿ ಹೊರಟು ನೀರಿನ ಮಟ್ಟ ಇಳಿಯುತ್ತದೆ. ಇಳಿದಷ್ಟನ್ನು ತುಂಬಿ ಮುಚ್ಚಬೇಕು. ಗಾಳಿ ಉಳಿದುಹೋದರೆ ಹೊಸ ಪಂಪಿನ ಸೀಲು ಒಣಗಿಯೇ ಉಜ್ಜಿ ಮೊದಲ ದಿನವೇ ಸುಟ್ಟೀತು. ಮರುದಿನ ತಣ್ಣಗಿರುವಾಗ ಮಟ್ಟವನ್ನೂ ಪಂಪಿನ ಕಿಂಡಿಯನ್ನೂ ಮತ್ತೊಮ್ಮೆ ನೋಡತಕ್ಕದ್ದು.

ಇದೇ ಧೈರ್ಯವನ್ನು ಎಲ್ಲ ಕಾರುಗಳಿಗೂ ವಿಸ್ತರಿಸಲಾಗದು. ಈಚಿನ ಅನೇಕ ಎಂಜಿನ್ನುಗಳಲ್ಲಿ ಪಂಪನ್ನು ತಿರುಗಿಸುವುದು ಕವಾಟಗಳ ಕಾಲವನ್ನು ನಿಯಂತ್ರಿಸುವ ಟೈಮಿಂಗ್ ಬೆಲ್ಟು. ಅದನ್ನು ಕಳಚಿ ಒಂದು ಹಲ್ಲು ತಪ್ಪಿ ಕೂಡಿಸಿದರೂ ಎಂಜಿನ್ನಿನ ನಡೆ ಕೆಡುತ್ತದೆ. ಹೆಚ್ಚು ತಪ್ಪಿದರೆ ಕೆಲವು ಎಂಜಿನ್ನುಗಳಲ್ಲಿ ಕವಾಟಗಳು ಪಿಸ್ಟನ್ನಿಗೆ ಬಡಿದು ಬಾಗುತ್ತವೆ. ಅಲ್ಲಿ ಅನುಭವಿ ಮೇಸ್ತ್ರಿಗೆ ಒಪ್ಪಿಸುವುದೇ ವಿವೇಕ. ಟೈಮಿಂಗ್ ಬೆಲ್ಟು ಬದಲಿಸುವ ಅವಧಿ ಬಂದಾಗಲೇ ಪಂಪನ್ನೂ ಬದಲಿಸಿಬಿಟ್ಟರೆ ಕೂಲಿ ಎರಡು ಸಲ ತೆರಬೇಕಾಗದು.

ಕಳಚಿದ ಹಳೆಯ ಪಂಪನ್ನು ಗುಜರಿಗೆ ಹಾಕುವ ಮೊದಲು ಶಾಲೆಯ ವಿಜ್ಞಾನದ ಅಧ್ಯಾಪಕರು ಅದನ್ನು ಕೇಳಿ ಪಡೆಯಬಹುದು. ಒಡಲನ್ನು ಗರಗಸದಿಂದ ಉದ್ದಕ್ಕೆ ಸೀಳಿಸಿ, ಅಂಚನ್ನು ಅರದಿಂದ ತೇಯ್ದು, ಬೇರಿಂಗಿಗೆ ಒಂದು ಬಣ್ಣ, ಸೀಲಿಗೆ ಒಂದು ಬಣ್ಣ, ಕಿಂಡಿಗೆ ಒಂದು ಬಣ್ಣ ಬಳಿದರೆ, ಕೇಂದ್ರಾಪಗಾಮಿ ಪಂಪಿನ ಪಾಠಕ್ಕೆ ಬೇರೆ ಚಿತ್ರಪಟ ಬೇಕಾಗುವುದಿಲ್ಲ. ಅದರ ಒಳಮೈಯಲ್ಲಿ ಕಟ್ಟಿರುವ ಬಿಳಿಯ ಪೊರೆಯ ಮೇಲೆ ನಾಲ್ಕು ಹನಿ ನಿಂಬೆರಸ ಹಿಂಡಿ, ಏಳುವ ಗುಳ್ಳೆಗಳನ್ನು ಮಕ್ಕಳಿಗೆ ತೋರಿಸಿದರೆ ಗಡಸು ನೀರಿನ ಪಾಠವೂ ಅಲ್ಲಿಯೇ ದೊರೆಯುತ್ತದೆ.