ಏಣಿ ಹತ್ತುವ ಮೊದಲು ಲೆಕ್ಕ ಹಾಕು



ಐಟಿಐಯಲ್ಲಿ ಎಲೆಕ್ಟ್ರಾನಿಕ್ಸ್ ಮೆಕ್ಯಾನಿಕ್ ಕೋರ್ಸಿನ ಎರಡು ವರ್ಷ ಮುಗಿಯುತ್ತ ಬಂತು, ಮುಂದೇನು ಎಂದು ಕೇಳಿದ್ದೀಯ. ಸಿಸಿಟಿವಿ ಹಾಕುವ ಅಂಗಡಿಯವರು ನಾಳೆಯೇ ಬಾ ಅನ್ನುತ್ತಿದ್ದಾರೆ. ಅಪ್ರೆಂಟಿಸ್ ಆದರೆ ಸ್ಟೈಪೆಂಡಿನಲ್ಲೇ ದಿನ ನೂಕಬೇಕು. ಕೇಬಲ್ ಎಳೆದು ಸಂಸಾರ ಸಾಗಿಸಿದ ನನ್ನ ಉತ್ತರ ಇಷ್ಟೇ: ಎಲ್ಲಿ ಅಳೆಯುವುದನ್ನು ಕಲಿಸುತ್ತಾರೋ ಅಲ್ಲಿಗೆ ಹೋಗು. ಗೋಡೆಗೆ ಡ್ರಿಲ್ ಹಾಕಿ ಕ್ಯಾಮೆರಾ ಕೂರಿಸುವುದನ್ನು ವಾರದೊಳಗೆ ಯಾರು ಬೇಕಾದರೂ ಕಲಿತಾರು.

ನಿನಗೆ ಬೇಗನೆ ಎದುರಾಗುವ ಒಂದು ತೊಂದರೆ ಹೇಳುತ್ತೇನೆ. ಗೇಟಿನ ಕ್ಯಾಮೆರಾ ಹಗಲೆಲ್ಲ ಸರಿಯಾಗಿರುತ್ತದೆ, ಕತ್ತಲಾದೊಡನೆ ಆಫ್ ಆಗಿ ಆನ್ ಆಗಿ ಕುಣಿಯತೊಡಗುತ್ತದೆ. ಅರೆಬರೆ ಕಲಿತವನು ಕ್ಯಾಮೆರಾ ಬದಲಿಸುತ್ತಾನೆ. ಹೊಸದೂ ಅದೇ ಹಾಡು ಹಾಡುತ್ತದೆ. ಕಲಿತವನು ಮೀಟರ್ ತೆಗೆಯುತ್ತಾನೆ. 0.5 ಚದರ ಮಿಲಿಮೀಟರಿನ ತಾಮ್ರದ ತಂತಿ 50 ಮೀಟರ್ ದೂರ ಹೋಗಿದೆ ಅಂದುಕೋ. ಕರೆಂಟು ಹೋಗಿ ಬರುವ ದಾರಿ 100 ಮೀಟರ್, ಅದರ ರೋಧ ಸುಮಾರು 3.6 ಓಮ್. ಹಗಲಲ್ಲಿ ಕ್ಯಾಮೆರಾ 0.2 ಆಂಪಿಯರ್ ಎಳೆದರೆ ಅಡಾಪ್ಟರಿನ 12 ವೋಲ್ಟಿನಲ್ಲಿ 0.7 ವೋಲ್ಟ್ ದಾರಿಯಲ್ಲೇ ಕಳೆದು 11.3 ತಲುಪುತ್ತದೆ. ರಾತ್ರಿ ಇನ್‌ಫ್ರಾರೆಡ್ ದೀಪಗಳು ಹೊತ್ತಿ 0.5 ಆಂಪಿಯರ್ ಎಳೆದಾಗ 1.8 ವೋಲ್ಟ್ ಹೋಗಿ 10.2 ಮಾತ್ರ ಉಳಿಯುತ್ತದೆ. 12 ವೋಲ್ಟಿನಲ್ಲಿ ಶೇಕಡ 10ರಷ್ಟು ಏರಿಳಿತವನ್ನಷ್ಟೇ ತಾಳುವ ಕ್ಯಾಮೆರಾಕ್ಕೆ ಅದು ಸಾಲದು. ತಪ್ಪು ತಂತಿಯದು, ಗಾತ್ರ ಹೆಚ್ಚಿಸಬೇಕು ಅಥವಾ ಅಡಾಪ್ಟರನ್ನು ಹತ್ತಿರ ತರಬೇಕು. ನೀನು ಪರೀಕ್ಷೆಗೆಂದು ಬಾಯಿಪಾಠ ಮಾಡಿದ ಓಮ್ ನಿಯಮ ಸಂಬಳ ತರುವುದು ಇಂಥ ಜಾಗದಲ್ಲೇ.

ತಂತಿ ಕೊಳ್ಳುವಾಗಲೂ ಬ್ಲೇಡಿನಿಂದ ಸ್ವಲ್ಪ ಕೆರೆದು ನೋಡು. ತಾಮ್ರದ ಬಣ್ಣ ಹೋಗಿ ಬೆಳ್ಳಗೆ ಕಂಡರೆ ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ಅಗ್ಗಕ್ಕೆ ಸಿಗುತ್ತದೆ, ರೋಧ ಮಾತ್ರ ಸುಮಾರು ಒಂದೂವರೆ ಪಟ್ಟು. ನೆಟ್‌ವರ್ಕ್ ಕೇಬಲಿನಲ್ಲೇ ಕರೆಂಟು ಕಳಿಸುವ ಪಿಒಇ ವ್ಯವಸ್ಥೆಯಲ್ಲಂತೂ ಇಂಥ ತಂತಿ ಬಿಸಿಯಾಗುತ್ತದೆ. ಪಿಒಇಯ ಮೊದಲ ಮಾನದಂಡ ಬಂದದ್ದು 2003ರಲ್ಲಿ. ಸ್ವಿಚ್ಚಿನಿಂದ 15.4 ವ್ಯಾಟ್ ಹೊರಟರೂ ಆ ತುದಿಗೆ 12.95 ವ್ಯಾಟಿನ ಭರವಸೆಯನ್ನಷ್ಟೇ ಅದು ಕೊಡುತ್ತದೆ. ದಾರಿಯ ನಷ್ಟವನ್ನು ಮೊದಲೇ ಲೆಕ್ಕಕ್ಕೆ ಹಿಡಿದವರು ಬರೆದ ನಿಯಮ ಅದು. ಕ್ಯಾಟ್-6 ಕೇಬಲಿಗೆ 100 ಮೀಟರ್ ಮಿತಿ ಇಟ್ಟವರೂ ಅಂಥವರೇ. 130 ಮೀಟರ್ ಎಳೆದು, ‘ಚಿತ್ರ ಬಂತಲ್ಲ’ ಎಂದು ಬಿಲ್ಲು ಕೊಡಬೇಡ.

ಇನ್ನು ಹಾರ್ಡ್ ಡಿಸ್ಕ್. ಜನ ಹೆಚ್ಚು ಸೇರುವ ಅಂಗಡಿ, ಸಂಸ್ಥೆಗಳು ಕ್ಯಾಮೆರಾ ಇಟ್ಟು 30 ದಿನಗಳ ದೃಶ್ಯ ಉಳಿಸಿಕೊಳ್ಳಬೇಕೆಂದು ಕರ್ನಾಟಕದ 2017ರ ಸಾರ್ವಜನಿಕ ಸುರಕ್ಷತಾ ಕಾಯಿದೆ ಹೇಳುತ್ತದೆ. ಸೆಕೆಂಡಿಗೆ 4 ಮೆಗಾಬಿಟ್ ಬರೆಯುವ ಒಂದು ಕ್ಯಾಮೆರಾಕ್ಕೆ ದಿನಕ್ಕೆ ಸುಮಾರು 43 ಜಿಬಿ ಬೇಕು. ಎಂಟು ಕ್ಯಾಮೆರಾ, ಮೂವತ್ತು ದಿನ ಅಂದರೆ 10 ಟಿಬಿಗೂ ಮೇಲೆ. 2 ಟಿಬಿ ಡಿಸ್ಕ್ ಹಾಕಿದರೆ ಆರನೇ ದಿನ ತುಂಬುವ ಮೊದಲೇ ಹಳೆಯದು ಅಳಿಯತೊಡಗುತ್ತದೆ. ಕಳ್ಳತನವಾಗಿ ಹತ್ತು ದಿನಕ್ಕೆ ಪೊಲೀಸರು ಬಂದರೆ ಗಿರಾಕಿಗೆ ಏನು ಹೇಳುತ್ತೀಯ? ಕೊಟೇಶನ್ ಬರೆಯುವಾಗಲೇ ಈ ಗುಣಾಕಾರ ಮಾಡಿ ಅವನ ಮುಂದಿಡು. ದುಬಾರಿ ಎಂದು ಅವನು ಬೇಡ ಅಂದರೆ ಅದನ್ನೂ ಬರೆದಿಟ್ಟುಕೋ.

ಲೋ ವೋಲ್ಟೇಜ್ ಎಂಬ ಹೆಸರು ಕೇಳಿ ಮೈಮರೆಯಬೇಡ. 12 ವೋಲ್ಟ್ ನಿನ್ನನ್ನು ಏನೂ ಮಾಡದಿರಬಹುದು, ಆದರೆ ಅಡಾಪ್ಟರಿನ ಆಚೆ ಬದಿಗೆ 230 ವೋಲ್ಟ್ ಇದೆ, ಕಾಲ ಕೆಳಗೆ ಏಣಿ ಇದೆ. ನಾಲ್ಕು ಅಡಿ ಎತ್ತರಕ್ಕೆ ಒಂದು ಅಡಿಯಂತೆ ಬುಡವನ್ನು ಗೋಡೆಯಿಂದ ದೂರ ಇಡು. ಡೇಟಾ ಕೇಬಲನ್ನು ಕರೆಂಟಿನ ಪೈಪಿನೊಳಗೆ ತೂರಿಸಬೇಡ. ಫೈಬರ್ ತುದಿಯೊಳಗೆ ಇಣುಕಬೇಡ. ಅಲ್ಲಿ ಹರಿಯುವ 1310, 1490 ನ್ಯಾನೊಮೀಟರಿನ ಬೆಳಕು ಕಣ್ಣಿಗೆ ಕಾಣದೆಯೇ ಕಣ್ಣಿಗೆ ಹಾನಿ ಮಾಡಬಲ್ಲದು.

ಮೀಟರಿಗೆ ಸಿಗದ ಎರಡು ಸಂಗತಿಗಳೂ ಇವೆ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಲಕ್ಷಾಂತರ ಕ್ಯಾಮೆರಾ, ರೆಕಾರ್ಡರ್, ರೂಟರ್‌ಗಳನ್ನು ವಶಮಾಡಿಕೊಂಡು ದೊಡ್ಡ ದೊಡ್ಡ ಜಾಲತಾಣಗಳನ್ನು ಕೆಡವಿತು. ಕಂಪನಿ ಇಟ್ಟಿದ್ದ ಪಾಸ್‌ವರ್ಡನ್ನು ಯಾರೂ ಬದಲಿಸಿರಲಿಲ್ಲ, ಅದೇ ಅದಕ್ಕೆ ಬಾಗಿಲಾಯಿತು. ಪಾಸ್‌ವರ್ಡ್ ಬದಲಿಸಿ, ಗಿರಾಕಿಯ ಕೈಗೆ ಕೊಟ್ಟು, ನಿನ್ನ ಫೋನಿನಿಂದ ಅವನ ಕ್ಯಾಮೆರಾ ತೆಗೆದುಹಾಕಿದ ಮೇಲೆಯೇ ಕೆಲಸ ಮುಗಿಯಿತೆಂದು ತಿಳಿ. ಎರಡನೆಯದು ಕ್ಯಾಮೆರಾದ ದಿಕ್ಕು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ತೀರ್ಪಿತ್ತ ಪ್ರಕರಣದ ಅರ್ಜಿದಾರರು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಪಕ್ಕದ ಮನೆಯ ಕಿಟಕಿಗೆ ಕ್ಯಾಮೆರಾ ತಿರುಗಿಸು ಎಂದು ಯಜಮಾನ ಹೇಳಿದರೆ, ಆಗುವುದಿಲ್ಲ ಎನ್ನಲು ಹಿಂಜರಿಯಬೇಡ.

ಇನ್ನು ನಿನ್ನ ಆಯ್ಕೆ. ಓದು ಅರ್ಧಕ್ಕೆ ನಿಂತವರಿಗೆ, ಸ್ವಂತ ಅಂಗಡಿ ಇಡುವವರಿಗೆ ಉಜಿರೆಯ ರುಡ್‌ಸೆಟ್ ಕೊಡುವಂಥ ಅಲ್ಪಾವಧಿ ತರಬೇತಿ ಒಳ್ಳೆಯದು. 1982ರಲ್ಲಿ ಆರಂಭವಾದ ಆ ಸಂಸ್ಥೆಯ ಮಾದರಿಯಲ್ಲೇ ದೇಶದ ಜಿಲ್ಲೆ ಜಿಲ್ಲೆಗಳಲ್ಲಿ ಆರ್‌ಸೆಟಿ ಎಂಬ ತರಬೇತಿ ಸಂಸ್ಥೆಗಳು ಬಂದಿವೆ. ಊಟ, ವಸತಿ, ಪಾಠ ಎಲ್ಲ ಉಚಿತ. ನಿನ್ನ ಬಳಿ ಐಟಿಐ ಇದೆ. ಅಪ್ರೆಂಟಿಸ್ ಆಗಿ ಪರೀಕ್ಷೆ ಪಾಸಾದರೆ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರಮಾಣಪತ್ರವೂ ಸಿಗುತ್ತದೆ. ಆದರೆ ಕಾಗದ ನೋಡಿ ಸೇರಬೇಡ. ಅಂಗಡಿಯಾಗಲಿ ಕಂಪನಿಯಾಗಲಿ ಮೂರು ಪ್ರಶ್ನೆ ಕೇಳು: ಕೇಬಲ್ ಟೆಸ್ಟರ್ ಹುಡುಗರ ಕೈಗೆ ಕೊಡುತ್ತೀರಾ? ಕೆಲಸ ಮುಗಿದ ಮೇಲೆ ಗಿರಾಕಿಗೆ ಟೆಸ್ಟ್ ರಿಪೋರ್ಟ್, ವೈರಿಂಗ್ ನಕ್ಷೆ ಕೊಡುತ್ತೀರಾ? ಎತ್ತರದ ಕೆಲಸಕ್ಕೆ ಬೆಲ್ಟ್, ಹೆಲ್ಮೆಟ್ ಇದೆಯೇ? ಮೂರಕ್ಕೂ ಹೌದು ಎಂದವರು ಕಡಿಮೆ ದುಡ್ಡು ಕೊಟ್ಟರೂ ಸೇರು. ಒಂದಕ್ಕಾದರೂ ನಕ್ಕರೆ, ಸಂಬಳ ಎಷ್ಟೇ ಹೇಳಲಿ, ಇನ್ನೊಂದು ಬಾಗಿಲು ತಟ್ಟು.

ಇತಿ ನಿನ್ನ ಹಿತೈಷಿ,
ಹಳೆಯ ಕೇಬಲ್ ಕೆಲಸಗಾರ