ವಿಝರ್ಡ್ ಓಡುವ ಮುಂಚೆ ಒಂದು ಲೆಕ್ಕ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಹೊಸದಾಗಿ ಆಡೋರು ಫೈಟ್ ಶುರುವಾದ ತಕ್ಷಣ "ನಾನು ಏನ್ ಹೊಡೀಲಿ?" ಅಂತ ಕೇಳ್ತಾರೆ. "ಎಲ್ಲಿ ನಿಲ್ಲಲಿ?" ಅಂತ ಕೇಳೋರು ಬಹಳ ಕಡಿಮೆ. ಆದರೆ ಮೊದಲ ಲೆವೆಲ್‌ನ ಪಾತ್ರಗಳು ಸಾಯೋದು ಹೆಚ್ಚಾಗಿ ಈ ಎರಡನೇ ಪ್ರಶ್ನೆ ಕೇಳದೇ ಇದ್ದದ್ದಕ್ಕೆ. ಈ ಲೇಖನದಲ್ಲಿ ಆ ಪ್ರಶ್ನೆಯನ್ನೇ ನೋಡೋಣ. ನಾನು ಹೇಳೋ ನಿಯಮಗಳೆಲ್ಲ 2014ರ ಐದನೇ ಆವೃತ್ತಿಯವು.

ಆಡದೇ ಇರೋರಿಗೆ ಎರಡು ಮಾತು. ಮೇಜಿನ ಮೇಲೆ ಚೌಕಗಳಿರೋ ಒಂದು ನಕ್ಷೆ ಇರುತ್ತೆ, ಒಂದು ಚೌಕ ಅಂದ್ರೆ 5 ಅಡಿ. ನಿಮ್ಮ ಸರದಿ ಬಂದಾಗ ಒಂದು ಆಕ್ಷನ್ ಮಾಡಬಹುದು, ಜೊತೆಗೆ ನಡೆಯಬಹುದು. ಮನುಷ್ಯ ಪಾತ್ರಕ್ಕೆ 30 ಅಡಿ, ಅಂದ್ರೆ 6 ಚೌಕ. ಹೊಡೆಯೋಕೆ 20 ಮುಖದ ಡೈಸ್ ಉರುಳಿಸಿ, ಬಂದ ಸಂಖ್ಯೆಗೆ ನಿಮ್ಮ ಬೋನಸ್ ಕೂಡಿಸಬೇಕು. ಮೊತ್ತ ಎದುರಾಳಿಯ ಎಸಿಗೆ ಸಮ ಅಥವಾ ಹೆಚ್ಚಾದರೆ ಏಟು ಬಿತ್ತು.

ಇನ್ನು ಸನ್ನಿವೇಶ. ನಿಮ್ಮ ವಿಝರ್ಡ್‌ಗೆ 7 ಎಚ್‌ಪಿ, ಎಸಿ 12. ಎರಡು ಗಾಬ್ಲಿನ್‌ಗಳು ಪಕ್ಕಕ್ಕೇ ಬಂದು ನಿಂತಿವೆ. ಗಾಬ್ಲಿನ್‌ನ ಬೋನಸ್ 4, ಏಟು ಬಿದ್ದರೆ ಸರಾಸರಿ 5.5 ಎಚ್‌ಪಿ ಹೋಗುತ್ತೆ. ಅದಕ್ಕೆ ಡೈಸ್‌ನಲ್ಲಿ 8 ಅಥವಾ ಮೇಲೆ ಬೇಕು, ಅಂದ್ರೆ 65% ಸಲ ಏಟು ಬೀಳುತ್ತೆ. ಎರಡು ಏಟು ಬಿದ್ದರೆ ಹೆಚ್ಚು ಕಮ್ಮಿ ಕಥೆ ಮುಗೀತು.

ಎಲ್ಲರಿಗೂ ಮೊದಲು ಹೊಳೆಯೋದು ಓಡೋದು. ಇಲ್ಲೇ ಆಪರ್ಚುನಿಟಿ ಅಟ್ಯಾಕ್ ಬರೋದು. ಶತ್ರುವಿನ ಕೈಗೆ ಸಿಗೋ ದೂರದಿಂದ ನೀವು ಆಚೆ ಹೋದರೆ, ನೀವು ಅದರ ಕಣ್ಣಿಗೆ ಕಾಣ್ತಾ ಇದ್ದರೆ, ಅದು ತನ್ನ ರಿಯಾಕ್ಷನ್ ಖರ್ಚು ಮಾಡಿ ಒಂದು ಏಟು ಹೊಡೆಯಬಹುದು. ಅದರ ಸುತ್ತ ತಿರುಗಾಡಿದರೆ ತೊಂದರೆ ಇಲ್ಲ, ದೂರ ಹೋದರೆ ಮಾತ್ರ. ಸರಿ, ಓಡಿದಿರಿ, ಎರಡು ಏಟಿಗೆ ಅವಕಾಶ ಕೊಟ್ಟಿರಿ. ಆದರೆ ಗಾಬ್ಲಿನ್ ಕೂಡ 30 ಅಡಿ ನಡೆಯುತ್ತೆ. ತನ್ನ ಸರದಿಯಲ್ಲಿ ಬೆನ್ನಟ್ಟಿ ಬಂದು ಮತ್ತೆ ಹೊಡೆಯುತ್ತೆ. ಒಟ್ಟು ನಾಲ್ಕು ಪ್ರಯತ್ನ, ಸರಾಸರಿ 14.3 ಎಚ್‌ಪಿ ನಷ್ಟ. ನಿಮ್ಮ ಹತ್ರ ಇರೋದೇ 7.

"ಹಾಗಾದ್ರೆ ಡಿಸ್‌ಎಂಗೇಜ್ ಮಾಡ್ತೀನಿ" ಅಂತ ಸ್ವಲ್ಪ ಓದಿಕೊಂಡೋರು ಹೇಳ್ತಾರೆ. ಆ ಆಕ್ಷನ್ ತಗೊಂಡರೆ ಆ ಸರದಿಯಲ್ಲಿ ನಿಮ್ಮ ನಡಿಗೆಗೆ ಆಪರ್ಚುನಿಟಿ ಅಟ್ಯಾಕ್ ಬೀಳಲ್ಲ. ಒಳ್ಳೇದೇ. ಆದರೆ ಬಯಲಲ್ಲಿ ನಿಂತಿದ್ದರೆ ಗಾಬ್ಲಿನ್‌ಗಳು ಹಿಂದೆಯೇ ಬಂದು ಎರಡು ಸಲ ಹೊಡೀತಾವೆ, ಸರಾಸರಿ ನಷ್ಟ 7.15. ಅದೇ ನಿಂತಲ್ಲೇ ಡಾಡ್ಜ್ ಮಾಡಿದರೆ? ಆಗ ನಿಮ್ಮ ಮೇಲೆ ಹೊಡೆಯೋರು, ಅವರು ನಿಮಗೆ ಕಾಣ್ತಾ ಇದ್ದರೆ, ಎರಡು ಡೈಸ್ ಉರುಳಿಸಿ ಕಮ್ಮಿ ಬಂದದ್ದನ್ನು ತಗೋಬೇಕು. 0.65 × 0.65, ಅಂದ್ರೆ ಸುಮಾರು 42%. ಎರಡು ಹೊಡೆತಕ್ಕೆ ಸರಾಸರಿ 4.65. ಕ್ರಿಟಿಕಲ್ ಹಿಟ್ ಬಿಟ್ಟು ಹಾಕಿದ ಲೆಕ್ಕ ಇದು, ಆದರೂ ಚಿತ್ರ ಬದಲಾಗಲ್ಲ. ಬಯಲಲ್ಲಿ ಒಂಟಿಯಾಗಿ ಸಿಕ್ಕಿಬಿದ್ದವನು ಓಡೋದಕ್ಕಿಂತ ನಿಂತು ತಪ್ಪಿಸಿಕೊಳ್ಳೋದೇ ವಾಸಿ! ಗೆಳೆಯರು ಬರೋವರೆಗೆ ಅಷ್ಟೇ, ಯಾಕಂದ್ರೆ ಡಾಡ್ಜ್ ಮಾಡ್ತಾ ಕೂತರೆ ಗಾಬ್ಲಿನ್ ಸಾಯಲ್ಲ.

ಡಿಸ್‌ಎಂಗೇಜ್ ಕೆಲಸಕ್ಕೆ ಬರೋದು ನಿಮಗೂ ಶತ್ರುವಿಗೂ ನಡುವೆ ಏನಾದರೂ ಅಡ್ಡ ಬರೋ ಹಾಗಿದ್ದಾಗ. ಒಂದು ಬಾಗಿಲು, ಒಂದು ಇಕ್ಕಟ್ಟಾದ ಓಣಿ, ಅಥವಾ ಒಬ್ಬ ಫೈಟರ್.

ಫೈಟರ್ ವಿಷಯಕ್ಕೆ ಬಂದರೆ, ನನಗೆ ಈ ಆಟದಲ್ಲಿ ತುಂಬಾ ಇಷ್ಟವಾಗೋ ಉಪಾಯ ಇಲ್ಲೇ ಇದೆ. ರಿಯಾಕ್ಷನ್ ಒಂದು ಸುತ್ತಿಗೆ ಒಂದೇ. ಖರ್ಚಾದರೆ ಆ ಪ್ರಾಣಿಯ ಮುಂದಿನ ಸರದಿ ಶುರುವಾಗೋವರೆಗೆ ವಾಪಸ್ ಬರಲ್ಲ. ಈಗ ಚೈನ್ ಮೇಲ್ ತೊಟ್ಟು ಗುರಾಣಿ ಹಿಡಿದ ಫೈಟರ್‌ನ ಎಸಿ 18. ಅವನನ್ನು ಹೊಡೆಯೋಕೆ ಗಾಬ್ಲಿನ್‌ಗೆ ಡೈಸ್‌ನಲ್ಲಿ 14 ಬೇಕು, ಬರೀ 35%. ಅವನೂ ಆ ಎರಡು ಗಾಬ್ಲಿನ್‌ಗಳ ಪಕ್ಕದಲ್ಲೇ ಇದ್ದಾನೆ ಅಂತಿಟ್ಟುಕೊಳ್ಳಿ. ಅವನ ಸರದಿ ನಿಮಗಿಂತ ಮುಂಚೆ ಬಂದರೆ, ಬೇಕಂತಲೇ ಹಿಂದೆ ಸರಿದು 5 ಅಡಿ ಅಗಲದ ಬಾಗಿಲಲ್ಲಿ ನಿಂತುಕೊಳ್ಳಲಿ. ಗಾಬ್ಲಿನ್‌ಗಳು ಆಸೆಗೆ ಬಿದ್ದು ಅವನ ಮೇಲೆ ರಿಯಾಕ್ಷನ್ ಖರ್ಚು ಮಾಡಿದರೆ ನಿಮ್ಮ ದಾರಿ ಖಾಲಿ. ಗೆಳೆಯನ ಚೌಕದೊಳಗಿಂದ ದಾಟಿ ಹೋಗಬಹುದು, ಆ 5 ಅಡಿಗೆ 10 ಅಡಿ ನಡಿಗೆ ಖರ್ಚಾಗುತ್ತೆ ಅಷ್ಟೇ. ಗಾಬ್ಲಿನ್‌ಗಳು ಮಾತ್ರ ಅವನನ್ನು ದಾಟಿ ಬರೋ ಹಾಗಿಲ್ಲ. ಮುಖ್ಯವಾಗಿ, ನಿಮ್ಮ ಆಕ್ಷನ್ ಇನ್ನೂ ಕೈಯಲ್ಲೇ ಉಳಿದಿದೆ, ಆಚೆ ಕಡೆಯಿಂದ ಮಂತ್ರ ಹಾಕಿ.

ಇದಕ್ಕೆ ಎರಡು ಷರತ್ತು. ಫೈಟರ್ ಮತ್ತು ನಿಮ್ಮ ಸರದಿಯ ಮಧ್ಯೆ ಗಾಬ್ಲಿನ್‌ಗಳ ಸರದಿ ಬರಬಾರದು, ಬಂದರೆ ಅವುಗಳ ರಿಯಾಕ್ಷನ್ ಮತ್ತೆ ತುಂಬಿಕೊಳ್ಳುತ್ತೆ. ಎರಡನೇದು, ಹೊಡೆಯಬೇಕೋ ಬೇಡವೋ ಅನ್ನೋದು ಡಂಜನ್ ಮಾಸ್ಟರ್ ಕೈಲಿದೆ. ಜಾಣ ಡಂಜನ್ ಮಾಸ್ಟರ್ ಆದರೆ ವಿಝರ್ಡ್‌ಗಾಗಿ ಕಾಯ್ತಾರೆ.

ಮೂರನೇ ಲೆವೆಲ್‌ಗೆ ಬಂದ ಮೇಲೆ ವಿಝರ್ಡ್‌ಗೆ ಮಿಸ್ಟಿ ಸ್ಟೆಪ್ ಸಿಗುತ್ತೆ. ಕಾಣೋ ಜಾಗಕ್ಕೆ 30 ಅಡಿ ಮಾಯವಾಗಿ ಹೋಗಬಹುದು, ಟೆಲಿಪೋರ್ಟ್ ಆದ್ದರಿಂದ ಆಪರ್ಚುನಿಟಿ ಅಟ್ಯಾಕ್ ಇಲ್ಲ. ರೋಗ್‌ಗಳಿಗಂತೂ ಎರಡನೇ ಲೆವೆಲ್‌ನಿಂದಲೇ ಬೋನಸ್ ಆಕ್ಷನ್‌ನಲ್ಲಿ ಡಿಸ್‌ಎಂಗೇಜ್ ಸಿಗುತ್ತೆ, ಹೊಡೆದು ಜಾರಿಕೊಳ್ತಾರೆ. ಗಾಬ್ಲಿನ್‌ಗೂ ಇದೇ ಶಕ್ತಿ ಹುಟ್ಟಿನಿಂದಲೇ ಇದೆ ಅನ್ನೋದನ್ನು ಮರೀಬೇಡಿ. ಫೈಟರ್ ಪಕ್ಕದಲ್ಲಿ ನಿಂತ ಮಾತ್ರಕ್ಕೆ ಅದು ಕಟ್ಟಿಹಾಕಿದ ಹಾಗೆ ಆಗಲ್ಲ. ಬಾಗಿಲು ಬೇಕು ಅಂತ ನಾನು ಹೇಳಿದ್ದು ಅದಕ್ಕೇ.