ಒಂದು ನ್ಯೂಟೆಲ್ಲಾ ಡಬ್ಬಿ, ಮೂರು ಡಯಟ್ಟು

ಪ್ರಶ್ನೆ: ಮೇಡಂ, ನಮ್ಮ ಮನೆಯವರಿಗೆ 48 ವರ್ಷ, ಶುಗರ್ ಇದೆ. ಯೂಟ್ಯೂಬ್ ನೋಡಿ ಕೀಟೋ ಶುರು ಮಾಡಿದ್ದಾರೆ. ಬೆಂಗಳೂರಿನಲ್ಲಿ ಓದುವ ಮಗಳು ವೀಗನ್ ಆಗಿದ್ದಾಳೆ, ರಜೆಗೆ ಬಂದರೆ ಮೊಸರನ್ನೂ ಮುಟ್ಟುವುದಿಲ್ಲ. ನಾನು ರಾತ್ರಿ ಎಂಟರಿಂದ ಮರುದಿನ ಮಧ್ಯಾಹ್ನದವರೆಗೆ ಏನೂ ತಿನ್ನುವುದಿಲ್ಲ. ಏಳನೇ ಕ್ಲಾಸಿನ ಮಗನಿಗೆ ಮಾತ್ರ ಬೆಳಿಗ್ಗೆ ಚಪಾತಿಗೆ ನ್ಯೂಟೆಲ್ಲಾ ಬೇಕೇ ಬೇಕು. ಮಜಾ ಅಂದರೆ, ಡಬ್ಬಿ ವಾರದೊಳಗೆ ಖಾಲಿ! ಕೇಳಿದರೆ ಎಲ್ಲರೂ ಅವನ ಕಡೆ ಕೈ ತೋರಿಸುತ್ತಾರೆ. ಅದರಲ್ಲಿ ಬೀಜ, ಹಾಲು ಎಲ್ಲ ಇದೆಯಲ್ಲ, ಸ್ವಲ್ಪ ತಿಂದರೆ ಡಯಟ್ ಕೆಡುತ್ತದೆಯೇ?
– ಹುಬ್ಬಳ್ಳಿಯ ಓದುಗರು

ಉತ್ತರ: ಡಬ್ಬಿಯ ಹಿಂಬದಿ ಓದಿ. ಯಾವುದರ ತೂಕ ಹೆಚ್ಚೋ ಅದರ ಹೆಸರು ಮೊದಲು ಬರುತ್ತದೆ. ಇಲ್ಲಿ ಮೊದಲು ಸಕ್ಕರೆ, ಆಮೇಲೆ ತಾಳೆ ಎಣ್ಣೆ. ಹೇಝಲ್‌ನಟ್ ಸುಮಾರು ಶೇ. 13, ಹಾಲಿನ ಪುಡಿ ಇನ್ನೂ ಕಡಿಮೆ. 100 ಗ್ರಾಂನಲ್ಲಿ 56 ಗ್ರಾಂ ಸಕ್ಕರೆಯೇ. ಇದನ್ನು ಪೌಷ್ಟಿಕ ಉಪಾಹಾರದಂತೆ ಬಿಂಬಿಸಿದ ಜಾಹೀರಾತುಗಳ ಮೇಲೆ ಅಮೆರಿಕದಲ್ಲಿ ಗ್ರಾಹಕರು ಕೋರ್ಟಿಗೆ ಹೋದರು. 2012ರಲ್ಲಿ ಕಂಪನಿ ಸುಮಾರು 30 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಹೋಳಿಗೆಯನ್ನು ನಾವು ದಿನಾ ಬೆಳಗಿನ ತಿಂಡಿಗೆ ಇಡುವುದಿಲ್ಲ, ಇದನ್ನೂ ಆ ಸಾಲಿಗೇ ಸೇರಿಸಿ.

ಕೀಟೋ ಮಾಡುವವರು ದಿನಕ್ಕೆ 20ರಿಂದ 50 ಗ್ರಾಂ ಕಾರ್ಬೋಹೈಡ್ರೇಟ್ ಒಳಗೆ ಇರಬೇಕು. ಡಬ್ಬಿ ಹೇಳುವ ಒಂದು ಅಳತೆ 15 ಗ್ರಾಂ, ಅಂದರೆ ಮಟ್ಟಸವಾದ ಒಂದು ಟೇಬಲ್ ಚಮಚವೂ ಅಲ್ಲ. ಹಾಗೆ ಮಟ್ಟಸ ಮಾಡಿ ತಿನ್ನುವವರನ್ನು ನಾನಂತೂ ಕಂಡಿಲ್ಲ. ಗೋಪುರದಂಥ ಎರಡು ಚಮಚಕ್ಕೆ 40 ಗ್ರಾಂ ಆಯಿತು, 23 ಗ್ರಾಂ ಕಾರ್ಬ್ ಒಳಗೆ ಹೋಯಿತು. ‘ಶುಗರ್ ಫ್ರೀ’ ಡಬ್ಬಿ ತರುತ್ತೇನೆ ಎಂದರೆ ಅದರಲ್ಲಿ ಮಾಲ್ಟಿಟಾಲ್ ಎಂಬ ಸಿಹಿಕಾರಕ ಇದೆಯೇ ನೋಡಿ. ಸಕ್ಕರೆಯಷ್ಟಲ್ಲದಿದ್ದರೂ ಅದೂ ಶುಗರ್ ಏರಿಸುತ್ತದೆ, ಹೆಚ್ಚು ತಿಂದರೆ ಹೊಟ್ಟೆ ಕೆಡುತ್ತದೆ.

ಮಗಳಿಗೆ ಹಾಲಿನ ಪುಡಿಯಿಂದಾಗಿ ಇದು ವರ್ಜ್ಯ. ಹಸಿರು ಚುಕ್ಕೆ ಸಸ್ಯಾಹಾರಕ್ಕೆ ಗುರುತು, ವೀಗನ್‌ಗೆ ಅಲ್ಲ. 2024ರಲ್ಲಿ ಕಂಪನಿ ಯುರೋಪಿನಲ್ಲಿ ಹಾಲಿಲ್ಲದ ನ್ಯೂಟೆಲ್ಲಾ ತಂದಿದೆ, ಕಡಲೆ ಮತ್ತು ಅಕ್ಕಿಯ ಸಿರಪ್ ಹಾಕಿ. ಹಾಲು ಹೋಯಿತು, ಸಕ್ಕರೆ ಉಳಿಯಿತು!

ನಿಮ್ಮ ಉಪವಾಸ ಕೇಳುವುದು ಗಡಿಯಾರವನ್ನು ಮಾತ್ರ. ಮಗನ ಚಪಾತಿಗೆ ಸವರುವಾಗ ಚಮಚ ನೆಕ್ಕಿದರೂ ಮುರಿದ ಹಾಗೆಯೇ. ಗಂಟೆ ಮುಗಿದ ಮೇಲೆ ತಡೆಯುವವರಿಲ್ಲ, ಆಗಲೇ ಕೈ ಹೆಚ್ಚು ಓಡುವುದು.

ಮಗನಿಗೆ ಪೂರ್ತಿ ಬಂದ್ ಮಾಡಬೇಡಿ, ಕದ್ದು ತಿನ್ನುವುದು ಕಲಿಯುತ್ತಾನೆ. ಹೊರಗಿನಿಂದ ಸೇರಿಸುವ ಸಕ್ಕರೆ ದಿನಕ್ಕೆ 25 ಗ್ರಾಂ ದಾಟಬಾರದು ಎಂಬುದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಸಲಹೆ. ಆ ಎರಡು ಗೋಪುರದ ಚಮಚದಲ್ಲೇ 22 ಗ್ರಾಂ ಮುಗಿಯುತ್ತದೆ. ಭಾನುವಾರ ಒಂದು ಚಪಾತಿಗೆ, ನೀವೇ ಸವರಿ ಕೊಡಿ. ದೊಡ್ಡವರು ತಿಂದದ್ದನ್ನು ಅವನ ತಲೆಗೆ ಕಟ್ಟುವುದು ಮಾತ್ರ ಇವತ್ತೇ ನಿಲ್ಲಲಿ.

ಉಳಿದ ದಿನಗಳಿಗೆ ನಿಮ್ಮೂರ ಶೇಂಗಾ ಇದೆಯಲ್ಲ. ಸಣ್ಣ ಉರಿಯಲ್ಲಿ ಹುರಿದು, ಸಿಪ್ಪೆ ತೆಗೆದು, ಆರಿದ ಮೇಲೆ ಮಿಕ್ಸಿಗೆ ಹಾಕಿ. ಮೊದಲು ಪುಡಿಯಾಗುತ್ತದೆ, ಆಮೇಲೆ ಜಾರಿನ ಗೋಡೆಗೆ ಅಂಟಿ ಕೂರುತ್ತದೆ. ಇಲ್ಲೇ ಎಲ್ಲರೂ ಸೋತು ನೀರು ಹಾಕಿಬಿಡುತ್ತಾರೆ. ಬೇಡ. ಕೆರೆದು ಕೆಳಗಿಳಿಸಿ ಮತ್ತೆ ಮತ್ತೆ ತಿರುಗಿಸಿದರೆ ತನ್ನ ಎಣ್ಣೆ ತಾನೇ ಬಿಟ್ಟು ಮೆತ್ತಗೆ ಹರಿಯುತ್ತದೆ. ಸಿಹಿಯಿಲ್ಲದ ಕೋಕೋ ಪುಡಿ, ಚಿಟಿಕೆ ಉಪ್ಪು ಸೇರಿಸಿ. ಮಗಳಿಗೂ ಆಯಿತು, ಅಳತೆಯಲ್ಲಿ ಅವರಪ್ಪನಿಗೂ ಆಯಿತು. ಮಗನ ಪಾಲಿಗೆ ಸ್ವಲ್ಪ ಬೆಲ್ಲದ ಪುಡಿ ಹಾಕಬಹುದು, ಆದರೆ ಬೆಲ್ಲವೂ ಸಕ್ಕರೆಯ ಲೆಕ್ಕಕ್ಕೇ.

ನೀವು ಕೇಳದೆ ಬಿಟ್ಟ ಒಂದು ಮಾತು ಇದೆಲ್ಲಕ್ಕಿಂತ ತುರ್ತಿನದು. ಶುಗರ್ ಮಾತ್ರೆ ನುಂಗುತ್ತ ಕೀಟೋ ಮಾಡುವುದು ಆಟವಲ್ಲ. ಗ್ಲಿಮೆಪಿರೈಡ್ ಅಥವಾ ಇನ್ಸುಲಿನ್ ಇದ್ದರೆ ಶುಗರ್ ಏಕಾಏಕಿ ಇಳಿಯಬಹುದು. ಹೆಸರು ‘ಗ್ಲಿಫ್ಲೋಜಿನ್’ ಎಂದು ಮುಗಿಯುವ ಮಾತ್ರೆಯಿದ್ದರೆ, ಶುಗರ್ ತೀರಾ ಏರದೆಯೂ ರಕ್ತದಲ್ಲಿ ಕೀಟೋನ್ ಹೆಚ್ಚಿ ಜೀವಕ್ಕೇ ಅಪಾಯವಾಗಬಹುದು. ಮಾತ್ರೆಯನ್ನು ತಾವಾಗಿ ಬಿಡುವುದೂ ಬೇಡ. ಚೀಟಿ ಹಿಡಿದು ಈ ವಾರವೇ ಅವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.